ಹಮಾರ್ತಿಯ: ದೋಷವೋ, ತಪ್ಪೋ? ಗ್ರೀಕ್ ದುರಂತ ನಾಯಕನ ಪತನವನ್ನು ಕುರಿತು

ದುರಂತ ನಾಟಕವನ್ನು ಕುರಿತ ಕನ್ನಡದ ಪಠ್ಯಚರ್ಚೆಗಳಲ್ಲಿ ಒಂದು ಸೂತ್ರ ಬಹುಕಾಲದಿಂದ ನೆಲೆನಿಂತಿದೆ. ನಾಯಕನು ಉದಾತ್ತನಾಗಿರಬೇಕು; ಆದರೆ ಅವನ ಸ್ವಭಾವದಲ್ಲಿ ಒಂದು ದೋಷವಿರಬೇಕು; ಆ ದೋಷವೇ ಅವನ ಪತನಕ್ಕೆ ಕಾರಣವಾಗಬೇಕು. ಈ ಸೂತ್ರಕ್ಕೆ ಹೊಂದುವ ಉದಾಹರಣೆಗಳ ಪಟ್ಟಿಯೂ ಸಿದ್ಧವಾಗಿಯೇ ಇರುತ್ತದೆ. ಮ್ಯಾಕ್‌ಬೆತ್‌ನಿಗೆ ಮಹತ್ವಾಕಾಂಕ್ಷೆ, ಒಥೆಲೋವಿಗೆ ಅಸೂಯೆ, ಹ್ಯಾಮ್ಲೆಟ್‌ನಿಗೆ ಅನಿಶ್ಚಯ, ಈಡಿಪಸ್‌ನಿಗೆ ಕೋಪ ಇಲ್ಲವೆ ಅಹಂಕಾರ. ಇದೆಲ್ಲವೂ ಅರಿಸ್ಟಾಟಲನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಬಳಸಿರುವ 'ಹಮಾರ್ತಿಯ' ಎಂಬ ಒಂದು ಪದದ ವಿವರಣೆಯೆಂದು ತಿಳಿಯಲಾಗಿದೆ. ಆ ಪದವನ್ನು 'ದುರಂತ ದೋಷ', 'ಸ್ವಭಾವ ದೌರ್ಬಲ್ಯ', 'ಮಾರಕ ದೋಷ' ಎಂದು ಮುಂತಾಗಿ ಕನ್ನಡಿಸಿಕೊಳ್ಳಲಾಗುತ್ತದೆ. ಆದರೆ ಅರಿಸ್ಟಾಟಲನ ಮೂಲವಾಕ್ಯದ ಸಂದರ್ಭವನ್ನೂ, ಅವನು ಆದರ್ಶವೆಂದು ಮತ್ತೆ ಮತ್ತೆ ಉದಾಹರಿಸುವ ಸೊಫೊಕ್ಲಿಸನ 'ಈಡಿಪಸ್ ದೊರೆ' ನಾಟಕವನ್ನೂ ಎದುರಿಗಿಟ್ಟುಕೊಂಡು ನೋಡಿದಾಗ ಈ ಸೂತ್ರ ನಿಲ್ಲುವುದು ಕಷ್ಟ. ಇದು ಕೇವಲ ಪಾರಿಭಾಷಿಕ ಪದವೊಂದರ ಅನುವಾದದ ಸಮಸ್ಯೆಯಲ್ಲ. ನಾಯಕನಲ್ಲಿ ದೋಷವನ್ನು ಹುಡುಕುವ ಓದು ಅವನ ಯಾತನೆಯನ್ನು ಶಿಕ್ಷೆಯನ್ನಾಗಿ ಮಾಡುತ್ತದೆ. ಶಿಕ್ಷೆಗೆ ಒಳಗಾದವನನ್ನು ಕಂಡು ಮರುಗಬೇಕಾದ ಅಗತ್ಯ ಓದುಗನಿಗೆ ಉಳಿಯುವುದಿಲ್ಲ.

'ಕಾವ್ಯಮೀಮಾಂಸೆ'ಯ 13ನೆಯ ಅಧ್ಯಾಯದಲ್ಲಿ ಹಮಾರ್ತಿಯ ಎಂಬ ಮಾತು ಬರುವುದು ಒಂದು ನಿರಾಕರಣಕ್ರಮದ ಕೊನೆಯಲ್ಲಿ. ದುರಂತ ನಾಟಕವು ಕರುಣೆಯನ್ನೂ ಭೀತಿಯನ್ನೂ ಉಂಟುಮಾಡಬೇಕು ಎಂಬುದು ಅರಿಸ್ಟಾಟಲನ ಆಧಾರಪ್ರತಿಜ್ಞೆ. ಅದಕ್ಕೆ ಒದಗದ ಕಥಾವಿನ್ಯಾಸಗಳನ್ನು ಅವನು ಒಂದೊಂದಾಗಿ ಬದಿಗಿಡುತ್ತಾನೆ. ಸಜ್ಜನನು ಸುಖದಿಂದ ದುಃಖಕ್ಕೆ ಬೀಳುವುದನ್ನು ಸುಮ್ಮನೆ ತೋರಿಸಿದರೆ ಅದು ಕರುಣೆಯನ್ನೂ ಹುಟ್ಟಿಸದು, ಭೀತಿಯನ್ನೂ ಹುಟ್ಟಿಸದು. ಅದು 'ಮಿಯರೋನ್', ಅಂದರೆ ಮನಸ್ಸಿಗೆ ಹೇಸಿಕೆ ತರುವಂಥದು. ದುಷ್ಟನು ದುಃಖದಿಂದ ಸುಖಕ್ಕೆ ಏರುವುದು ದುರಂತಕ್ಕೆ ಎಲ್ಲಕ್ಕಿಂತ ದೂರವಾದುದು. ಕಡುದುಷ್ಟನು ಸುಖದಿಂದ ಬೀಳುವುದು ಲೋಕದ ನ್ಯಾಯಬುದ್ಧಿಗೆ ಒಪ್ಪಿಗೆಯಾಗಬಹುದು, ಆದರೆ ಅಲ್ಲಿಯೂ ಕರುಣೆಗೆ ಎಡೆಯಿಲ್ಲ. ಏಕೆಂದರೆ ಕರುಣೆಯು ಅನುಭವಿಸಬಾರದ ದುಃಖವನ್ನು ಅನುಭವಿಸುವವನ ಬಗೆಗೆ ಹುಟ್ಟುತ್ತದೆ, ಭೀತಿಯು ನಮ್ಮಂಥವನೇ ಆದವನ ಬಗೆಗೆ. ಉಳಿಯುವವನು ಇವರ ನಡುವಿನವನು: ಗುಣದಲ್ಲಿ, ನ್ಯಾಯದಲ್ಲಿ ಅಸಾಮಾನ್ಯನಲ್ಲ, ಆದರೆ ಅವನು ಬೀಳುವುದು ದುಷ್ಟತನದಿಂದಲ್ಲ, ನೀಚತನದಿಂದಲ್ಲ, ಒಂದು ಹಮಾರ್ತಿಯದಿಂದ. ಈಡಿಪಸ್ ಮತ್ತು ಥಯೆಸ್ಟಿಸ್ ಅಂಥವರು ಎಂದು ಅವನು ಹೆಸರಿಸುತ್ತಾನೆ.

ಇಲ್ಲಿ ಗಮನಿಸಬೇಕಾದುದು ಆ ನಿಷೇಧ. ದುಷ್ಟತನವನ್ನು ಕಾರಣವೆಂದು ಅಲ್ಲಗಳೆದ ಉಸಿರಿನಲ್ಲಿಯೇ ಹಮಾರ್ತಿಯವನ್ನು ಹೇಳಲಾಗಿದೆ. ಅಂದರೆ ಸ್ವಭಾವದ ಕೆಡುಕಿಗೆ ಪ್ರತಿಯಾಗಿ ನಿಲ್ಲುವ ಪದ ಅದು. ಸ್ವಭಾವದ ಕೆಡುಕಿನ ಸೌಮ್ಯರೂಪವಲ್ಲ. ಆರನೆಯ ಅಧ್ಯಾಯದಲ್ಲಿ ಅರಿಸ್ಟಾಟಲನು ವಸ್ತುವಿನ್ಯಾಸವೇ ದುರಂತದ ಆತ್ಮವೆಂದೂ ಪಾತ್ರಸ್ವಭಾವವು ಎರಡನೆಯದೆಂದೂ ಹೇಳಿದವನು. ಪಾತ್ರಸ್ವಭಾವವನ್ನು ಚರ್ಚಿಸುವುದು 15ನೆಯ ಅಧ್ಯಾಯದಲ್ಲಿ. ಹಮಾರ್ತಿಯದ ಪ್ರಸ್ತಾಪ ಅಲ್ಲಿಲ್ಲ, ವಸ್ತುವಿನ್ಯಾಸದ ಚರ್ಚೆಯ ನಡುವೆ ಇದೆ. ಕ್ರಿಯೆಯು ತಿರುವುಮುರುವಾಗುವ ಪೆರಿಪೆತೈಯ, ಅರಿಯದಿದ್ದುದನ್ನು ಅರಿಯುವ ಅನಗ್ನೋರಿಸಿಸ್, ಇವೆರಡರ ಬೆನ್ನಿಗೆ ಬರುವ ಮೂರನೆಯ ಪರಿಕಲ್ಪನೆ ಇದು. ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಸರಪಳಿ ಕಾಣುತ್ತದೆ: ಅರಿಯದೆ ಮಾಡಿದ ಕ್ರಿಯೆ, ಅದರ ಫಲ ಎಣಿಕೆಗೆ ವಿರುದ್ಧವಾಗಿ ತಿರುಗುವುದು, ಕೊನೆಗೆ ಅರಿವು. ಹಮಾರ್ತಿಯವನ್ನು ಶೀಲದೋಷವೆಂದು ಓದಿದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚಿಬೀಳುತ್ತದೆ.

ಪದದ ಮೂಲಾರ್ಥವೂ ಇದನ್ನೇ ಸೂಚಿಸುತ್ತದೆ. 'ಹಮಾರ್ತಿಯ'ಕ್ಕೆ ಮೂಲವಾದ 'ಹಮರ್ತಾನೈನ್' ಎಂಬ ಕ್ರಿಯಾಪದ ಹೋಮರನಲ್ಲಿ ಎಸೆದ ಈಟಿ ಗುರಿಗೆ ತಾಗದೆ ಹೋಗುವುದಕ್ಕೆ ಬಳಕೆಯಾಗಿದೆ. 'ಇಲಿಯಡ್'ನ ಐದನೆಯ ಸರ್ಗದಲ್ಲಿ ಪಾಂಡರಸನ ಈಟಿಯಿಂದ ಪಾರಾದ ಡಯೋಮಿಡಿಸನು ಅವನಿಗೆ ಹೇಳುವ ಮಾತಿನಲ್ಲಿರುವುದು ಈ ಕ್ರಿಯಾಪದವೇ. ಅಲ್ಲಿಂದ ಮುಂದೆ ಅದು ದಾರಿ ತಪ್ಪುವುದು, ತಿಳಿವಳಿಕೆ ತಪ್ಪುವುದು, ಅಪರಾಧವೆಸಗುವುದು ಎಂಬೆಲ್ಲ ಅರ್ಥಗಳಿಗೆ ಹಬ್ಬಿತು. ಕನ್ನಡ ವಿದ್ವಾಂಸರ ಗಮನಕ್ಕೆ ಬರಬೇಕಾದ ಸಂಗತಿಯೊಂದು ಇಲ್ಲಿದೆ. 'ತಪ್ಪು' ಎಂಬ ಕನ್ನಡ ಧಾತು ಹೆಚ್ಚುಕಡಿಮೆ ಇದೇ ಹರವನ್ನು ಹೊಂದಿದೆ. ಗುರಿ ತಪ್ಪುತ್ತದೆ, ಹೆಜ್ಜೆ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಮಾತಿಗೆ ತಪ್ಪುತ್ತಾರೆ, ತಪ್ಪು ಮಾಡುತ್ತಾರೆ, ತಪ್ಪಿಗೆ ದಂಡ ತೆರುತ್ತಾರೆ. ಯಾರ ಹೊಣೆಯೂ ಅಲ್ಲದ 'ಕಣ್ತಪ್ಪು' ಒಂದು ತುದಿ, ದಂಡನೀಯವಾದ ತಪ್ಪು ಇನ್ನೊಂದು ತುದಿ. 'ದೋಷ' ಶಬ್ದಕ್ಕೆ ಈ ಹರವಿಲ್ಲ. ಕೆಟ್ಟುಹೋಗುವುದೆಂಬ ಅರ್ಥದ ಧಾತುವಿನಿಂದ ಬಂದ ಅದು ವಸ್ತುವಿನ ಒಳಗೇ ಇರುವ ಕೆಡುಕನ್ನು ಹೇಳುತ್ತದೆ. 'ಪ್ರಮಾದ'ವು ಹತ್ತಿರ ಬಂದರೂ ಅದರಲ್ಲಿ ಅಜಾಗ್ರತೆಯ ಆಪಾದನೆ ಸೇರಿಕೊಂಡಿದೆ. ಸಂಸ್ಕೃತಪದವೇ ಶಾಸ್ತ್ರೀಯವೆಂಬ ನಂಬಿಕೆಯಿಂದ ಕೈಯಲ್ಲಿದ್ದ ದೇಸಿಪದವನ್ನು ಬಿಟ್ಟುಕೊಟ್ಟ ಪ್ರಸಂಗಗಳಲ್ಲಿ ಇದೂ ಒಂದೆನ್ನಬಹುದು.

ಅರಿಸ್ಟಾಟಲನು ಹಮಾರ್ತಿಯವನ್ನು 'ಕಾವ್ಯಮೀಮಾಂಸೆ'ಯಲ್ಲಿ ವ್ಯಾಖ್ಯಾನಿಸಿಲ್ಲ. ಆದ್ದರಿಂದ ವಿದ್ವಾಂಸರು ಅವನ 'ನಿಕೊಮಾಕಿಯನ್ ನೀತಿಶಾಸ್ತ್ರ'ದ ನೆರವು ಪಡೆದಿದ್ದಾರೆ. ಆ ಗ್ರಂಥದ ಐದನೆಯ ಭಾಗದಲ್ಲಿ ಒಬ್ಬನಿಂದ ಮತ್ತೊಬ್ಬನಿಗೆ ಆಗುವ ಹಾನಿಯ ಬಗೆಗಳನ್ನು ಅವನು ಬೇರ್ಪಡಿಸುತ್ತಾನೆ. ಯಾರೂ ನಿರೀಕ್ಷಿಸಲಾಗದ ರೀತಿಯಲ್ಲಿ ಆದ ಹಾನಿ 'ಅತೂಖೇಮ', ಅಂದರೆ ಅವಘಡ. ನಿರೀಕ್ಷಿಸಬಹುದಾಗಿದ್ದರೂ ಕೆಟ್ಟ ಉದ್ದೇಶವಿಲ್ಲದೆ, ಅರಿಯದೆ ಮಾಡಿದುದು 'ಹಮಾರ್ತೇಮ'. ಅರಿತು, ಆದರೆ ಮುಂದಾಲೋಚನೆಯಿಲ್ಲದೆ ಮಾಡಿದುದು 'ಅದಿಕೇಮ', ಅನ್ಯಾಯಕೃತ್ಯ. ಕೋಪದಿಂದ ಮಾಡಿದುದನ್ನು ಅವನು ಇಲ್ಲಿ ಸೇರಿಸುತ್ತಾನೆ. ಅರಿತು, ಆಯ್ದು ಮಾಡಿದವನು ಮಾತ್ರ ದುಷ್ಟ. ಈಡಿಪಸ್‌ನ ಹಮಾರ್ತಿಯ ಅವನ ಕೋಪವೆಂದು ಹೇಳುವವರಿಗೆ ಈ ವಿಂಗಡಣೆ ತೊಡಕಾಗುತ್ತದೆ. ಕೋಪದ ಕೃತ್ಯಕ್ಕೆ ಅರಿಸ್ಟಾಟಲನು ಬೇರೆಯೇ ಹೆಸರಿಟ್ಟಿದ್ದಾನೆ. ಅದೇ ಗ್ರಂಥದ ಮೂರನೆಯ ಭಾಗದಲ್ಲಿ, ವಿವರವನ್ನರಿಯದೆ ಮಾಡುವ ಕ್ರಿಯೆಗೆ ಅವನು ಕೊಡುವ ಒಂದು ಉದಾಹರಣೆ ಮಗನನ್ನು ಶತ್ರುವೆಂದು ಬಗೆದ ಮೆರೊಪೆಯದು. 'ಕಾವ್ಯಮೀಮಾಂಸೆ'ಯ 14ನೆಯ ಅಧ್ಯಾಯದಲ್ಲಿಯೂ ಇದೇ ಮೆರೊಪೆ ಉದಾಹರಣೆಯಾಗಿ ಬರುತ್ತಾಳೆ. ನೀತಿಶಾಸ್ತ್ರದ ಅಜ್ಞಾನಚರ್ಚೆಯೂ ನಾಟಕದ ಚರ್ಚೆಯೂ ಅವನ ಮನಸ್ಸಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದುವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಇನ್ನು ನಾಟಕಕ್ಕೆ ಬರಬಹುದು. ಈಡಿಪಸ್ ಕೋಪಿಷ್ಠನೆಂಬುದನ್ನು ಯಾರೂ ಅಲ್ಲಗಳೆಯಲಾರರು. ರಂಗದ ಮೇಲೆ ಅವನು ಕುರುಡು ಕಾಲಜ್ಞಾನಿ ಟೈರೀಸಿಯಸನನ್ನು ನಿಂದಿಸುತ್ತಾನೆ; ಕ್ರಿಯೋನನ ಮೇಲೆ ಪುರಾವೆಯಿಲ್ಲದೆ ರಾಜದ್ರೋಹವನ್ನು ಹೊರಿಸಿ ಮರಣದಂಡನೆಯ ಮಾತನಾಡುತ್ತಾನೆ. ದೋಷವಾದಿಗಳು ಸಾಮಾನ್ಯವಾಗಿ ಈ ಎರಡು ದೃಶ್ಯಗಳನ್ನು ಎತ್ತಿಹಿಡಿಯುತ್ತಾರೆ. ಆದರೆ ನಾಟಕ ತೊಡಗುವ ವೇಳೆಗೆ ಪಿತೃಹತ್ಯೆಯೂ ಮಾತೃವಿವಾಹವೂ ಆಗಿಹೋಗಿ ವರ್ಷಗಳು ಕಳೆದಿವೆ, ನಾಲ್ವರು ಮಕ್ಕಳು ಹುಟ್ಟಿದ್ದಾರೆ. ಈಡಿಪಸ್‌ನ ಕೃತ್ಯ ನಾಟಕದ ಹೊರಗೆ ನಡೆದುದೆಂದು ಅರಿಸ್ಟಾಟಲನೇ ಗುರುತಿಸುತ್ತಾನೆ. ರಂಗದ ಮೇಲಿನ ಕೋಪವು ಯಾವುದಕ್ಕೂ ಕಾರಣವಲ್ಲ. ಅವನು ಟೈರೀಸಿಯಸನೊಡನೆ ಸೌಮ್ಯವಾಗಿ ಮಾತನಾಡಿದ್ದರೂ ಲಾಯಸನನ್ನು ಕೊಂದವನು ಅವನೇ ಆಗಿರುತ್ತಿದ್ದನು.

ಹಾಗಾದರೆ ಮೂರು ದಾರಿಗಳು ಕೂಡುವೆಡೆಯಲ್ಲಿನ ಕೋಪದ ವಿಚಾರವೇನು? ಅಲ್ಲಿ ಕೋಪವಿದ್ದುದು ನಿಜ. ಈಡಿಪಸ್ ಅದನ್ನು ತಾನೇ ಯೊಕಾಸ್ಟೆಗೆ ಹೇಳಿಕೊಳ್ಳುತ್ತಾನೆ. ರಥದಲ್ಲಿ ಬಂದವರು ಅವನನ್ನು ಬಲವಂತವಾಗಿ ದಾರಿಯಿಂದ ನೂಕಿದರು, ಅವನು ಸಾರಥಿಯನ್ನು ಹೊಡೆದನು, ವೃದ್ಧನು ಸಮಯ ಕಾದು ಮುಳ್ಳುಗೋಲಿನಿಂದ ಅವನ ತಲೆಗೆ ಬಡಿದನು, ಅವನು ಕೈಕೋಲಿನಿಂದ ಮಾರುತ್ತರ ಕೊಟ್ಟನು. ಈ ಕೋಪ ಒಬ್ಬ ಅಪರಿಚಿತನ ಸಾವಿಗೆ ಕಾರಣ. ಆದರೆ ನಾಟಕದ ದುರಂತವಿರುವುದು ಅಪರಿಚಿತನೊಬ್ಬ ಸತ್ತನೆಂಬುದರಲ್ಲಿ ಅಲ್ಲ; ಸತ್ತವನು ತಂದೆಯೆಂಬುದರಲ್ಲಿ. ಅದಕ್ಕೆ ಕಾರಣ ಕೋಪವಲ್ಲ, ಅರಿಯದಿರುವಿಕೆ. ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ದುರಂತದ ಉಳಿದರ್ಧವಾದ ಮಾತೃವಿವಾಹದಲ್ಲಿ ಕೋಪಕ್ಕೆ ಯಾವ ಪಾತ್ರವೂ ಇಲ್ಲ. ಸ್ಫಿಂಕ್ಸಿನ ಒಗಟನ್ನು ಬಿಡಿಸಿ ಊರನ್ನು ಉಳಿಸಿದವನಿಗೆ ಥೀಬ್ಸ್ ನಗರವು ಸಿಂಹಾಸನವನ್ನೂ ವಿಧವೆಯಾದ ರಾಣಿಯನ್ನೂ ಒಪ್ಪಿಸಿತು. ಅಲ್ಲಿ ದುಡಿದದ್ದು ಅವನ ಬುದ್ಧಿ. ಕೋಪವೇ ಹಮಾರ್ತಿಯವಾದರೆ ಈ ವಿವಾಹಕ್ಕೆ ಬೇರೆಯೇ ಒಂದು ಹಮಾರ್ತಿಯವನ್ನು ಹುಡುಕಬೇಕಾಗುತ್ತದೆ. ಎರಡಕ್ಕೂ ಸಮನಾಗಿ ಹೊಂದುವ ಕಾರಣ ಒಂದೇ: ಕೊರಿಂಥ್‌ನ ಪಾಲಿಬಸ್ ಮತ್ತು ಮೆರೊಪೆ ತನ್ನ ತಂದೆತಾಯಿಗಳೆಂದು ಅವನು ನಂಬಿದ್ದುದು. (ಈ ಮೆರೊಪೆ ಮೇಲೆ ಹೇಳಿದ ಮೆರೊಪೆಯಲ್ಲ.)

ಶಕುನವಾಣಿಯನ್ನು ಕೇಳಿದ ಮೇಲೆ ಅವನು ಹಿರಿಯ ವಯಸ್ಸಿನ ಯಾರನ್ನೂ ಕೊಲ್ಲಬಾರದಿತ್ತು, ತನಗಿಂತ ಹಿರಿಯಳನ್ನು ಮದುವೆಯಾಗಬಾರದಿತ್ತು ಎಂಬ ವಾದವೂ ಉಂಟು. ಜಾಣತನದ ಮಾತಿದು, ಆದರೆ ನಾಟಕದ ಒಳಗಿನ ಯಾವ ಪಾತ್ರವೂ ಇದನ್ನು ಆಡುವುದಿಲ್ಲ. ತಂದೆತಾಯಿಗಳು ಯಾರೆಂಬುದು ಖಚಿತವಾಗಿ ಗೊತ್ತಿದೆಯೆಂದು ತಿಳಿದವನು ಅವರಿಂದ ದೂರ ಓಡಿದನು; ಅವನ ಸ್ಥಾನದಲ್ಲಿದ್ದ ಯಾವ ಮಗನಾದರೂ ಮಾಡುತ್ತಿದ್ದುದು ಅದನ್ನೇ. ಕುಡಿದವನೊಬ್ಬ ಔತಣದಲ್ಲಿ ಆಡಿದ ಮಾತಿನಿಂದ ಸಂಶಯ ಹುಟ್ಟಿದ್ದರೂ ಡೆಲ್ಫಿಯ ದೇವತೆ ಅವನ ಪ್ರಶ್ನೆಗೆ ಉತ್ತರ ಕೊಡದೆ ಬೇರೊಂದು ಭಯವನ್ನು ಹೇಳಿ ಕಳುಹಿಸಿತು. ಗುರಿಯಿಟ್ಟವನು ನೇರವಾಗಿಯೇ ಗುರಿಯಿಟ್ಟನು; ಗುರಿ ಇದ್ದ ಜಾಗ ಬೇರೆಯಾಗಿತ್ತು.

ಅವನ ಗುಣಗಳು ಅವನನ್ನು ಎಲ್ಲಿಗೆ ಕರೆದೊಯ್ಯುತ್ತವೆ ಎಂಬುದು ಹೆಚ್ಚು ಕುತೂಹಲದ ವಿಷಯ. ಊರಿಗೆ ತಗುಲಿದ ಪಿಡುಗನ್ನು ನೀಗಬೇಕೆಂಬ ಹೊಣೆಗಾರಿಕೆ, ಯೊಕಾಸ್ಟೆಯೂ ಮುದಿ ಕುರುಬನೂ ಬೇಡವೆಂದರೂ ಸತ್ಯವನ್ನು ಕೊನೆಯವರೆಗೂ ಬೆನ್ನಟ್ಟುವ ಹಟ, ಇವು ಅವನನ್ನು ಅರಿವಿನೆಡೆಗೆ ಒಯ್ಯುತ್ತವೆ. ಅಂದರೆ ಸ್ವಭಾವಕ್ಕೆ ಈ ನಾಟಕದಲ್ಲಿ ಕೆಲಸವಿಲ್ಲವೆಂದಲ್ಲ. ಅದು ಕೃತ್ಯಕ್ಕೆ ಕಾರಣವಲ್ಲ, ಅನಾವರಣಕ್ಕೆ ಕಾರಣ. ಕಾರಣವಾದದ್ದೂ ಅವನ ಕೆಡುಕಲ್ಲ, ಅವನ ಹಿರಿಮೆ. ಇಂಥ ನಾಟಕಕ್ಕೆ ಅಥೆನ್ಸಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬರಲಿಲ್ಲ, ಫಿಲೋಕ್ಲಿಸನೆಂಬವನು ಗೆದ್ದನು ಎಂಬ ಪ್ರಾಚೀನ ಉಲ್ಲೇಖವೊಂದಿದೆ. ತೀರ್ಪುಗಾರರೂ ಗುರಿ ತಪ್ಪುತ್ತಾರೆಂದು ಸಮಾಧಾನಪಡಬಹುದು.

ಸೊಫೊಕ್ಲಿಸನ ಪ್ರೇಕ್ಷಕರಿಗೆ ಉದ್ದೇಶಪೂರ್ವಕ ಹತ್ಯೆಗೂ ಅರಿಯದ ಹತ್ಯೆಗೂ ಇರುವ ಅಂತರ ಚೆನ್ನಾಗಿ ತಿಳಿದಿತ್ತು. ಅಥೆನ್ಸಿನಲ್ಲಿ ಮೊದಲನೆಯದರ ವಿಚಾರಣೆ ಅರಿಯೊಪಾಗಸಿನಲ್ಲಿ, ಎರಡನೆಯದು ಪಲ್ಲಾಡಿಯನ್ನಿನಲ್ಲಿ, ನ್ಯಾಯಸಮ್ಮತವೆಂದು ವಾದಿಸಲಾದ ಹತ್ಯೆಯದು ಡೆಲ್ಫಿನಿಯನ್ನಿನಲ್ಲಿ ನಡೆಯುತ್ತಿತ್ತು. ಆದರೆ 'ಮಿಯಾಸ್ಮ' ಎಂಬ ಮೈಲಿಗೆಯ ಕಲ್ಪನೆ ಈ ಅಂತರವನ್ನು ಲೆಕ್ಕಿಸುತ್ತಿರಲಿಲ್ಲ. ಸೂತಕದಂತೆ ಅದು ಉದ್ದೇಶವನ್ನು ಕೇಳದೆ ಅಂಟುತ್ತದೆ. ನ್ಯಾಯಾಲಯದ ಮುಂದೆ ನಿರಪರಾಧಿಯಾಗಬಹುದಾದವನು ತನ್ನ ಕಣ್ಣಿಗೇ ಅಸ್ಪೃಶ್ಯನಾಗುವ ಇಕ್ಕಟ್ಟು ಈ ನಾಟಕದ್ದು. 'ಕೊಲೊನಸ್‌ನಲ್ಲಿ ಈಡಿಪಸ್' ಎಂಬ ಕೊನೆಯ ನಾಟಕದಲ್ಲಿ ಮುಪ್ಪಿನ ಈಡಿಪಸ್ ತಾನು ಅರಿಯದೆ ಮಾಡಿದೆನೆಂದೂ, ಮೊದಲು ಹೊಡೆದವರು ಅವರೆಂದೂ, ಕಾನೂನಿನ ಮುಂದೆ ತಾನು ಶುದ್ಧನೆಂದೂ ವಾದಿಸುತ್ತಾನೆ. ಕ್ರಿ.ಪೂ. 406ರಲ್ಲಿ ತೀರಿಕೊಂಡ ಕವಿಯ ಈ ಕೃತಿ ಕ್ರಿ.ಪೂ. 401ರಲ್ಲಿ ರಂಗವೇರಿತು. ತನ್ನ ನಾಯಕನನ್ನು ದೋಷಿಯೆಂದು ಕವಿಯೇ ಬಗೆದಿದ್ದರೆ ಈ ವಾದವನ್ನು ಅವನ ಬಾಯಲ್ಲಿ ಇಡುತ್ತಿದ್ದನೆಂದು ನಂಬುವುದು ಕಷ್ಟ.

ದೋಷದ ಓದು ಎಲ್ಲಿಂದ ಬಂತೆಂಬುದಕ್ಕೆ ಉದ್ದವಾದ ಇತಿಹಾಸವಿದೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಹಮಾರ್ತಿಯವೆಂದರೆ ಪಾಪ. ಕನ್ನಡ ಬೈಬಲೂ ಅದನ್ನು ಹಾಗೆಯೇ ಅನುವಾದಿಸಿದೆ. ಶತಮಾನಗಳ ಕಾಲ ಯುರೋಪಿನ ಓದುಗನಿಗೆ ಆ ಪದ ಮೊದಲು ಎದುರಾಗುತ್ತಿದ್ದುದು ಈ ಅರ್ಥದಲ್ಲಿ. 1692ರಲ್ಲಿ 'ಕಾವ್ಯಮೀಮಾಂಸೆ'ಯನ್ನು ಫ್ರೆಂಚಿಗೆ ತಂದ ದಾಸಿಯೆಯು ಈಡಿಪಸ್‌ನ ಗರ್ವ, ಕೋಪ, ದುಡುಕುಗಳನ್ನು ಅವನ ಪತನದ ಕಾರಣಗಳನ್ನಾಗಿ ಎಣಿಸಿದನು. ರಂಗಭೂಮಿ ನೀತಿಪಾಠ ಹೇಳಬೇಕೆಂದು ಬಯಸಿದ ಕಾಲಕ್ಕೆ ಅದು ಸರಿಹೊಂದಿತು. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ತಲೆಮಾರುಗಳ ಕಾಲ ಓದಿಸಲಾದ ಬುಚರ್‌ನ 1895ರ ಇಂಗ್ಲಿಷ್ ಅನುವಾದ ತಪ್ಪು ಮತ್ತು ದೌರ್ಬಲ್ಯ ಎಂಬೆರಡನ್ನೂ ಪರ್ಯಾಯಗಳಾಗಿ ಇಟ್ಟಿತು. ತರಗತಿಗಳು ಎರಡನೆಯದನ್ನು ಹಿಡಿದುಕೊಂಡವು. 1904ರಲ್ಲಿ ಪ್ರಕಟವಾದ ಎ.ಸಿ. ಬ್ರಾಡ್ಲಿಯ ಶೇಕ್ಸ್‌ಪಿಯರ್ ದುರಂತಗಳ ಅಧ್ಯಯನ ನಾಯಕನ ಏಕಮುಖ ಪ್ರವೃತ್ತಿಯೇ ಅವನನ್ನು ನಾಶದತ್ತ ಎಳೆಯುವುದೆಂದು ತೋರಿಸಿತು. ಬ್ರಾಡ್ಲಿ ಅದನ್ನು ಅರಿಸ್ಟಾಟಲನ ವ್ಯಾಖ್ಯಾನವೆಂದು ಮುಂದಿಟ್ಟವನಲ್ಲ. ಶೇಕ್ಸ್‌ಪಿಯರನಿಗೆ ಒಪ್ಪುವ ಮಾತನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ದು ಸೊಫೊಕ್ಲಿಸನಿಗೆ ತೊಡಿಸಿದುದು ಪಾಠಪುಸ್ತಕಗಳ ಕೆಲಸ.

ಇದಕ್ಕೆ ಪ್ರತಿಕ್ರಿಯೆ ಬಂದುದು ಶಾಸ್ತ್ರೀಯ ಭಾಷಾವಿದ್ವಾಂಸರಿಂದ. ಇ.ಆರ್. ಡಾಡ್ಸ್ 1966ರ ತಮ್ಮ ಪ್ರಸಿದ್ಧ ಲೇಖನವನ್ನು ತೊಡಗುವುದೇ ತಾವು ಪರೀಕ್ಷಕರಾಗಿ ಓದಿದ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಉತ್ತರಗಳಿಂದ. ಉತ್ತರಪತ್ರಿಕೆಗಳ ಹೊರೆಯನ್ನು ಬಲ್ಲ ಅಧ್ಯಾಪಕರಿಗೆ ಆ ಪುಟಗಳು ಪರಿಚಿತವೆನ್ನಿಸದಿರವು. 1969ರ ಬ್ರೆಮರ್ ಅವರ ಗ್ರಂಥವೂ ಹಮಾರ್ತಿಯವು ಸ್ವಭಾವದೋಷವಲ್ಲವೆಂಬ ನಿಲುವನ್ನು ಗಟ್ಟಿಗೊಳಿಸಿತು. ಆದರೆ ಹಮಾರ್ತಿಯವೆಂದರೆ ಸಂಗತಿಯ ಅಜ್ಞಾನವಷ್ಟೇ ಎಂದು ಕಟ್ಟಿಹಾಕುವುದೂ ಅತಿರೇಕವೆಂದು 1975ರಲ್ಲಿ ಸ್ಟಿಂಟನ್ ತೋರಿಸಿಕೊಟ್ಟರು. ನೈತಿಕ ಹೊಣೆಯುಳ್ಳ ತಪ್ಪುಗಳಿಗೂ ಆ ಪದದಲ್ಲಿ ಎಡೆಯಿದೆ. 'ಆಂಟಿಗೊನೆ'ಯ ಕ್ರಿಯೋನ್ ಇದಕ್ಕೆ ಸಾಕ್ಷಿ. ಹೆಂಡತಿ ಮಗನನ್ನು ಕಳೆದುಕೊಂಡ ಅವನು ತನ್ನ ವಿವೇಕಹೀನ ಬುದ್ಧಿಯ ಹಮಾರ್ತೇಮಗಳನ್ನು ಹಲುಬುತ್ತಾನೆ. ಅವನಿಗೆ ಎಚ್ಚರಿಕೆ ಸಿಕ್ಕಿತ್ತು, ತಿದ್ದಿಕೊಳ್ಳಲು ಕಾಲವೂ ಇತ್ತು. ಸ್ಟಿಂಟನ್ನರ ಈ ತಿದ್ದುಪಡಿ ಒಪ್ಪತಕ್ಕದ್ದು. ಆದರೂ ಕ್ರಿಯೋನನದು ಒಂದು ನಿರ್ಧಾರದ ತಪ್ಪು, ಮಾಡಿದ ಕ್ರಿಯೆ; ಹೊತ್ತುಕೊಂಡು ಹುಟ್ಟಿದ ಕಳಂಕವಲ್ಲ.

ಕನ್ನಡಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ರನ್ನನ ಗದಾಯುದ್ಧವನ್ನು ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ನಾಟಕರೂಪಕ್ಕೆ ತಂದ ಮೇಲೆ, ಸೊಫೊಕ್ಲಿಸನ 'ಅಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ರಚಿಸಿ ಚಿರಂಜೀವಿಯೆಂದು ಹೆಸರಾದವನಿಗೆ ಆತ್ಮಹತ್ಯೆಯ ಅಂತ್ಯವನ್ನಿತ್ತ ಮೇಲೆ, ದುರಂತ ನಾಯಕನೆಂಬ ಪರಿಕಲ್ಪನೆ ಇಲ್ಲಿನ ವಿಮರ್ಶೆಯ ಸ್ವತ್ತಾಯಿತು. ದುರ್ಯೋಧನನನ್ನು ಆ ಪರಿಕಲ್ಪನೆಯಿಂದ ನೋಡುವುದು ರೂಢಿಯಾಗಿ, ಛಲವೇ ಅವನ ದೋಷವೆಂದು ಸೂತ್ರಕ್ಕೆ ಅಳವಡಿಸಲಾಯಿತು. ಆದರೆ ರನ್ನನಲ್ಲಿ 'ಛಲದಂಕಮಲ್ಲ' ಎಂಬುದು ಪ್ರಶಸ್ತಿ, ದೂಷಣೆಯಲ್ಲ. ದುರ್ಯೋಧನನ ಅಪಕೃತ್ಯಗಳೂ ಅರಿಯದೆ ಆದವಲ್ಲ. ಕವಿ ಅವನಿಗೆ ತಂದುಕೊಟ್ಟಿರುವ ಘನತೆಗೆ ಅರಿಸ್ಟಾಟಲನ ಒಪ್ಪಿಗೆ ಬೇಕಾಗಿಲ್ಲ. ಅದನ್ನು ಬೇರೆ ಅಳತೆಯಿಂದಲೇ ಅಳೆಯಬೇಕು. ಹಮಾರ್ತಿಯಕ್ಕೆ ನಮ್ಮ ಕಥಾಪರಂಪರೆಯಲ್ಲಿ ಹೋಲಿಕೆ ಬೇಕಾದರೆ ದಶರಥನ ಶಬ್ದವೇಧಿ ಬಾಣದ ಕಡೆಗೆ ತಿರುಗುವುದು ಲೇಸು. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಿಟ್ಟ ಬಾಣ ಗುರಿಗೆ ತಾಗಿತು, ಆದರೆ ಗುರಿ ತಪ್ಪಿತ್ತು. ವಾಲ್ಮೀಕಿಯಲ್ಲಿ ಮಗನನ್ನು ಕಳೆದುಕೊಂಡ ಕುರುಡು ತಾಪಸನೇ ಅರಿಯದೆ ಆದುದೆಂಬ ಭೇದವನ್ನು ಗುರುತಿಸುತ್ತಾನೆ, ಗುರುತಿಸಿಯೂ ಶಪಿಸುತ್ತಾನೆ. ಅಪರಾಧವು ಕಡಿಮೆಯಾದರೂ ಫಲ ಕಡಿಮೆಯಾಗದು ಎಂಬ ಈ ನೆಲೆ ಈಡಿಪಸ್‌ನ ನೆಲೆಗೆ ತೀರ ಹತ್ತಿರದ್ದು.

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯ ಸಮಾಧಾನಕ್ಕೆ ಒಗ್ಗಿಹೋದ ಮನಸ್ಸಿಗೆ ದೋಷದ ಸೂತ್ರ ಸುಲಭವಾಗಿ ಹಿಡಿಸುತ್ತದೆ. ಬಿದ್ದವನಲ್ಲಿ ಏನೋ ಇದ್ದಿರಲೇಬೇಕೆಂಬ ಲೆಕ್ಕಾಚಾರ ನೋಡುವವನನ್ನು ಸುರಕ್ಷಿತನನ್ನಾಗಿ ಮಾಡುತ್ತದೆ: ಆ ದೋಷ ತನ್ನಲ್ಲಿಲ್ಲ, ಆದ್ದರಿಂದ ಆ ಗತಿ ತನಗಿಲ್ಲ. ಭೀತಿ ಹುಟ್ಟುವುದು ನಮ್ಮಂಥವನ ಬಗೆಗೆ ಎಂದು ಅರಿಸ್ಟಾಟಲನು ಹೇಳಿದ ಮಾತು ಆಗ ಅರ್ಥ ಕಳೆದುಕೊಳ್ಳುತ್ತದೆ.

ಸೊಫೊಕ್ಲಿಸನ 'ಟ್ರಾಕಿಸ್‌ನ ಸ್ತ್ರೀಯರು' ನಾಟಕದ ಕೊನೆಯ ಭಾಗದಲ್ಲಿ ಒಂದು ಸನ್ನಿವೇಶವಿದೆ. ಗಂಡನ ಒಲವನ್ನು ಮರಳಿ ಪಡೆಯಲು ಡಿಯನೈರಾ ವಶ್ಯೌಷಧವೆಂದು ನಂಬಿ ನೆಸಸ್‌ನ ರಕ್ತ ಸವರಿದ ಉಡುಪನ್ನು ಕಳುಹಿಸಿದ್ದಾಳೆ. ಅದು ವಿಷವಾಗಿ ಹೆರಾಕ್ಲಿಸನ ಮೈ ಸುಡುತ್ತಿದೆ. ನಿಜ ತಿಳಿದು ಅವಳು ಆಗಲೇ ಪ್ರಾಣ ನೀಗಿಕೊಂಡಿದ್ದಾಳೆ. ಹೆಂಡತಿಯನ್ನು ಕೈಯಾರೆ ಕೊಲ್ಲಬೇಕೆಂದು ಹಲ್ಲುಕಡಿಯುವ ತಂದೆಗೆ ಮಗ ಹಿಲ್ಲಸ್, ತಾಯಿ ಒಳ್ಳೆಯದನ್ನೇ ಬಯಸಿದ್ದಳೆಂದು ತಿಳಿಸುತ್ತಾನೆ, ಅವಳು ಮಾಡಿದುದನ್ನು ಹೇಳಲು 'ಹಮರ್ತಾನೈನ್' ಕ್ರಿಯಾಪದವನ್ನೇ ಬಳಸುತ್ತಾನೆ. ಈ ನಾಟಕವನ್ನು ಕನ್ನಡಿಸುವವರು ಅಲ್ಲಿ ಯಾವ ಪದವನ್ನು ಇಟ್ಟಾರು? ಅವಳಲ್ಲಿ ದೋಷವಿತ್ತೆಂದು ಮಗನ ಬಾಯಲ್ಲಿ ಹೇಳಿಸಲಾಗದು. ಪಾಪ ಮಾಡಿದಳೆಂದಂತೂ ಆಗದು. ತಪ್ಪಿದಳು ಎಂದರೆ ಸಾಕು.